ಕಿಟಕಿಯಿಂದ ಇಳಿಬಿಟ್ಟ ಚೀಲ

ಪುಸ್ತಕದ ಹೆಸರು ಹೇಳಿದ ಕೂಡಲೇ ಅಕ್ಕ ಕೇಳಿದ ಮೊದಲ ಪ್ರಶ್ನೆ, "ಮ್ಯಾಂಗೋ ಸ್ಟ್ರೀಟಾ? ಮಾವಿನಮರ ಇದಾವೇನೋ ಅಲ್ಲಿ?"

ಇಲ್ಲ. ಮೂಗಿನ ತುದಿ ಮರಗಟ್ಟಿ ಹೋಗುವಂಥ ಚಳಿ ಬೀಳುವ ಶಿಕಾಗೋದಲ್ಲಿ ಮಾವಿನಮರ ಎಲ್ಲಿಂದ ಬರಬೇಕು. ಆ ಬೀದಿಯಲ್ಲಿ ಇರೋದು ಸಿಮೆಂಟಿನ ನಡುವೆ ಮುನ್ಸಿಪಾಲಿಟಿಯವರು ನೆಟ್ಟ ನಾಲ್ಕು ಬಡಕಲು ಮರ. ಅವೂ ಕಥೆ ಹೇಳುವ ಹುಡುಗಿಯ ಥರಾನೇ, ತಮ್ಮದಲ್ಲದ ಜಾಗದಲ್ಲಿ ಹಟ ಹಿಡಿದು ಬೇರು ಬಿಟ್ಟುಕೊಂಡು ನಿಂತಿವೆ.

ಸಾಂಡ್ರಾ ಸಿಸ್ನೆರೋಸ್ ಬರೆದ 'ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್' 1984ರಲ್ಲಿ ಹ್ಯೂಸ್ಟನ್ನಿನ ಆರ್ತೆ ಪುಬ್ಲಿಕೋ ಅನ್ನುವ ಸಣ್ಣ ಪ್ರಕಾಶನದಿಂದ ಬಂತು. 1991ರಲ್ಲಿ ವಿಂಟೇಜ್‌ನವರು ಮತ್ತೆ ಅಚ್ಚು ಹಾಕಿಸಿದ ಮೇಲೆ ದೊಡ್ಡ ಓದುಗವರ್ಗಕ್ಕೆ ತಲುಪಿತು. ಈಗ ಅಮೆರಿಕದ ಎಷ್ಟೋ ಸ್ಕೂಲುಗಳಲ್ಲಿ ಪಾಠ. ಕಥೆ ಅಂತ ಹೇಳೋದಾದರೆ ಕಮ್ಮಿ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದ ಮೆಕ್ಸಿಕನ್ ಮೂಲದ ಒಂದು ಕುಟುಂಬ ಕೊನೆಗೂ ಸ್ವಂತದ್ದು ಅಂತ ಒಂದು ಸಣ್ಣ ಕೆಂಪು ಮನೆ ಮಾಡುತ್ತೆ. ಅಪ್ಪ, ಅಮ್ಮ, ಎಸ್ಪೆರಾನ್ಸಾ, ತಂಗಿ ನೆನ್ನಿ, ಕಾರ್ಲೋಸ್ ಮತ್ತು ಕಿಕಿ ಅನ್ನುವ ಇಬ್ಬರು ಗಂಡುಹುಡುಗರು. ಸುತ್ತಮುತ್ತಲ ಕೇರಿ ಪೂರಾ ಸ್ಪ್ಯಾನಿಶ್ ಮಾತಾಡುವವರದ್ದು. ಸುಮಾರು ಒಂದು ವರ್ಷದಲ್ಲಿ ಎಸ್ಪೆರಾನ್ಸಾ ಹುಡುಗಿತನ ದಾಟುತ್ತಾಳೆ. ಅದನ್ನು 44 ತುಣುಕುಗಳಲ್ಲಿ ಹೇಳ್ತಾಳೆ. ಕೆಲವು ಅರ್ಧ ಪುಟ, ಕೆಲವು ಎರಡು ಮೂರು ಪುಟ. ಒಂದು ಭಾನುವಾರ ಮಧ್ಯಾಹ್ನ ಕೂತರೆ ಮುಗಿದುಹೋಗುತ್ತೆ.

ನಾನೂ ಮೊದಲನೇ ಸಲ ಹಾಗೇ ಮುಗಿಸಿದ್ದೆ. 2018. ಏಳು ತಿಂಗಳು ಕ್ಲೈಂಟ್ ಕೆಲಸದ ಮೇಲೆ ಶಿಕಾಗೋ ಹೊರವಲಯದ ಷಾಂಬರ್ಗ್‌ನಲ್ಲಿದ್ದೆ. ವಾರಾಂತ್ಯಕ್ಕೆ ರೈಲು ಹಿಡಿದು ಊರೊಳಗೆ ಹೋಗಿ ಸುಮ್ಮನೆ ನಡೆಯೋದು ಅಭ್ಯಾಸ. ಹಳೇ ಪುಸ್ತಕದಂಗಡೀಲಿ ಇದು ಸಿಕ್ಕಿತು. ತೆಳ್ಳಗಿದೆ, ಇಂಗ್ಲಿಷು ಸಲೀಸಾಗಿದೆ, ಡಿಕ್ಷನರಿ ಬೇಡ ಅಂತ ತಗೊಂಡೆ. (ಕನ್ನಡ ಮೀಡಿಯಂನವನು ಇಂಗ್ಲಿಷ್ ಪುಸ್ತಕ ಆರಿಸೋದು ಹೀಗೇ, ನಗಬೇಡಿ.)

ಓದಿದಾಗ ಅನ್ನಿಸಿದ್ದು ಒಂದೇ, ಈ ಹುಡುಗಿ ನಾನು. ಶುರುವಿನಲ್ಲೇ ಒಂದು ಪ್ರಸಂಗ ಇದೆ. ಮ್ಯಾಂಗೋ ಸ್ಟ್ರೀಟ್‌ಗೆ ಬರೋಕೆ ಮುಂಚೆ ಅವರು ಮೂರನೇ ಮಹಡಿಯ ಬಾಡಿಗೆ ಮನೇಲಿರ್ತಾರೆ. ಬಣ್ಣ ಎದ್ದುಹೋದ ಗೋಡೆ, ಮಕ್ಕಳು ಬಿದ್ದಾರು ಅಂತ ಅಪ್ಪ ಕಿಟಕಿಗೆ ಹೊಡೆದ ಮರದ ಪಟ್ಟಿ. ಸ್ಕೂಲಿನ ಸಿಸ್ಟರ್ ಒಬ್ಬರು ದಾರೀಲಿ ಸಿಕ್ಕಿ ನಿಮ್ಮ ಮನೆ ಯಾವುದು ಅಂತಾರೆ. ಹುಡುಗಿ ಬೆರಳು ಮಾಡಿ ತೋರಿಸ್ತಾಳೆ. ಆ ಸಿಸ್ಟರ್ 'ಅಲ್ಲಾ?' ಅನ್ನೋ ಥರ ಕೇಳಿದ್ದಕ್ಕೆ ಹುಡುಗಿ ಕುಗ್ಗಿಹೋಗ್ತಾಳೆ. ನನಗೂ ಇಂಥದ್ದೇ ಆಗಿತ್ತು. ಮೊದಲ ಕೆಲಸ ಸಿಕ್ಕಾಗ ವಿಳಾಸ ಪರಿಶೀಲನೆಯವನು ಫೋನ್ ಮಾಡಿದ್ದ. ಡೋರ್ ನಂಬರ್ ಎಷ್ಟು ಸಾರ್? ಇಲ್ಲ. ಯಾವ ರೋಡು, ಯಾವ ಕ್ರಾಸು? ಇಲ್ಲ. ಹಾಗಾದ್ರೆ ಮನೆ ಹೇಗೆ ಹುಡುಕೋದು? ಅರಸೀಕೆರೆಯಿಂದ ಬಸ್ಸು ಹತ್ತಿ, ಅರಳೀಕಟ್ಟೆ ಹತ್ರ ಇಳಿದು, ಅಪ್ಪನ ಹೆಸರು ಹೇಳಿ ಅಂದೆ. ಆ ಕಡೆಯಿಂದ ಕೇಳಿಬಂದ ನಗು ಈಗಲೂ ಕಿವೀಲಿದೆ.

ಹೀಗಾಗಿ ಮೊದಲ ಓದಿನಲ್ಲಿ ನನಗೆ ಅದೊಂದು ತಪ್ಪಿಸಿಕೊಂಡು ಹೋಗುವ ಕಥೆ. ಸಣ್ಣ ಜಾಗದಲ್ಲಿ ಹುಟ್ಟಿದ ಬುದ್ಧಿವಂತ ಹುಡುಗಿ ಓದಿ ಬರೆದು ಹೊರಗೆ ಬೀಳ್ತಾಳೆ. ನಾನೂ ಬಿದ್ದೆ. ಇಬ್ಬರಿಗೂ ಶಹಬ್ಬಾಸ್. ಪುಸ್ತಕದ ಬಗ್ಗೆ ಬರೆಯುವ ಎಷ್ಟೋ ಜನ ಹೇಳೋದೂ ಇದನ್ನೇ. ಸ್ಫೂರ್ತಿ, ಕನಸು, ಸಾಧನೆ ಇತ್ಯಾದಿ. ಆಫೀಸಿನಲ್ಲಿ ಮಹಿಳಾ ದಿನಾಚರಣೆಗೆ ಗುಲಾಬಿ ಹೂವಿನ ಜತೆ ಹಂಚಬಹುದಾದ ಪುಸ್ತಕ ಅಂತ ನಾನೂ ಲೆಕ್ಕ ಹಾಕಿದ್ದೆ.

ಎರಡನೇ ಓದು ಈ ವರ್ಷದ್ದು. ಅದು ನಾನೊಬ್ಬನೇ ಓದಿದ್ದಲ್ಲ.

ಅಕ್ಕ ಬಚ್ಚಲಲ್ಲಿ ಜಾರಿ ಕಾಲಿನ ಮೂಳೆ ಬಿರುಕು ಬಿಟ್ಟು ಆರು ವಾರ ಮಂಚದ ಮೇಲಿದ್ದಳು. ತಿಪಟೂರಿನಲ್ಲಿ ಅವಳ ಮನೆ. ಟೀವಿ ನೋಡಿ ನೋಡಿ ತಲೆನೋವು ಬಂದು, "ಏನಾದ್ರೂ ಕಥೆ ಹೇಳೋ, ನೀನು ಅಷ್ಟೊಂದು ಓದ್ತೀಯಲ್ಲ" ಅಂದಳು. ರಾತ್ರಿ ಎಂಟೂವರೆಗೆ ಫೋನ್. ದಿನಕ್ಕೊಂದು, ಕೆಲವು ದಿನ ಎರಡು ತುಣುಕು. ಪುಸ್ತಕ ಎದುರಿಗಿಟ್ಟುಕೊಂಡು ನಮ್ಮ ಮಾತಲ್ಲಿ ಹೇಳ್ತಾ ಹೋದೆ. ಇವತ್ತು ಬರೆಯುತ್ತಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಫೋನಿನಲ್ಲಿ ಹುಟ್ಟಿದ ವಿಮರ್ಶೆ. ಅಕ್ಕನಿಗೆ ವಿಮರ್ಶಕಿ ಅಂದರೆ ಬೈತಾಳೆ.

ಮೊದಲು ಗೊತ್ತಾಗಿದ್ದು, ಈ ಪುಸ್ತಕ ಬಾಯಲ್ಲಿ ಹೇಳೋಕೆ ಎಷ್ಟು ಒಗ್ಗುತ್ತೆ ಅನ್ನೋದು. ಕಾರಣ ಇದೆ. ಸಿಸ್ನೆರೋಸ್ ಅಯೋವಾದ ಪ್ರಸಿದ್ಧ ಬರವಣಿಗೆ ಶಾಲೆಯಲ್ಲಿ ಓದುತ್ತಿದ್ದಾಗ ತರಗತಿಯಲ್ಲಿ ಫ್ರೆಂಚ್ ಚಿಂತಕ ಗಾಸ್ಟನ್ ಬಾಷೆಲಾರ್ಡ್‌ನ ಪುಸ್ತಕದ ಚರ್ಚೆ ನಡೆಯಿತಂತೆ. ಮನೆ, ಅಟ್ಟ, ನೆಲಮಾಳಿಗೆ, ಅಲ್ಲಿಯ ಬಾಲ್ಯದ ನೆನಪು. ಎಲ್ಲರಿಗೂ ಅಂಥದ್ದೊಂದು ಮನೆ ಇತ್ತು, ಈಕೆಗೆ ಇರಲಿಲ್ಲ. ಆ ಅವಮಾನದಿಂದಲೇ ಈ ಹುಡುಗಿಯ ದನಿ ಹುಟ್ಟಿತು. 1978ರಲ್ಲಿ ಓದು ಮುಗಿಸಿ ಶಿಕಾಗೋಗೆ ವಾಪಸ್ಸು ಬಂದು, ಸ್ಕೂಲು ಬಿಟ್ಟ ಲ್ಯಾಟಿನೋ ಹುಡುಗ ಹುಡುಗಿಯರಿಗೆ ಪಾಠ ಮಾಡುವ ಕೆಲಸ ಹಿಡಿದರು. ಅಲ್ಲಿ ಕೇಳಿದ ಬದುಕುಗಳೂ ಇದರೊಳಗೆ ಬಂದಿವೆ. ದಿನವಿಡೀ ದುಡಿದು ಸುಸ್ತಾದವರೂ ಯಾವ ಪುಟ ತೆರೆದರೂ ಓದಬಹುದಾದ ಪುಸ್ತಕ ಬೇಕು ಅಂತ ಅವರ ಆಸೆ. ಸಂಭಾಷಣೆಗೆ ಉದ್ಧರಣ ಚಿಹ್ನೆಯೂ ಇಲ್ಲ. ಯಾರ ಮಾತು ಎಲ್ಲಿ ಮುಗಿದು ಹುಡುಗಿಯ ಯೋಚನೆ ಎಲ್ಲಿ ಶುರುವಾಯ್ತು ಅನ್ನೋದು ಕಿವಿಗೇ ಗೊತ್ತಾಗಬೇಕು. ಕಣ್ಣಲ್ಲಿ ಓದುವಾಗ ಇದು ನನಗೆ ಒಂಚೂರು ಗೋಜಲು ಅನ್ನಿಸಿತ್ತು. ಹೇಳುವಾಗ ತೊಡಕೇ ಇರಲಿಲ್ಲ.

ಸೋತಿದ್ದು ಒಂದು ಕಡೆ. ಹುಡುಗಿಯರು ಹಗ್ಗದಾಟ ಆಡುತ್ತಾ ತಮ್ಮ ಬೆಳೆಯುತ್ತಿರುವ ಸೊಂಟದ ಬಗ್ಗೆ ಮಾತಾಡಿಕೊಳ್ಳುವ ತುಣುಕು. ಪ್ರಾಸ ಕಟ್ಟಿ ಕುಣೀತಾರೆ. ಅದನ್ನು ತಮ್ಮನಾದವನು ಅಕ್ಕನಿಗೆ ಫೋನಿನಲ್ಲಿ ಹೇಳೋದು ಹೇಗೆ ಹೇಳಿ? ಪ್ರಾಸದ ಮೇಲೆ ಹಾಕಿ ತಪ್ಪಿಸಿಕೊಂಡೆ.

ಗೆದ್ದಿದ್ದೂ ಒಂದು ಕಡೆ, ಅದೂ ಇಂಗ್ಲಿಷಿಗಿಂತ ಚೆನ್ನಾಗಿ. ಎಸ್ಪೆರಾನ್ಸಾ ತನ್ನ ಹೆಸರಿನ ಬಗ್ಗೆ ಹೇಳ್ತಾಳೆ. ಇಂಗ್ಲಿಷಿನಲ್ಲಿ ಅದು ಭರವಸೆ. ಸ್ಪ್ಯಾನಿಶಿನಲ್ಲಿ ಅದಕ್ಕೆ ಕಾಯುವಿಕೆಯ, ದುಃಖದ ನೆರಳೂ ಇದೆ. ಆ ಭಾಷೆಯಲ್ಲಿ ಕಾಯುವುದಕ್ಕೂ ಆಸೆ ಇಟ್ಟುಕೊಳ್ಳುವುದಕ್ಕೂ ಒಂದೇ ಕ್ರಿಯಾಪದ. ಇಂಗ್ಲಿಷ್ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕು. ನಾನು ಅಕ್ಕನಿಗೆ ಹೇಳುವಾಗ ಹೆಸರಿನ ಅರ್ಥ 'ನಿರೀಕ್ಷೆ' ಅಂದೆ, ಅಷ್ಟೇ. ವಿವರಣೆ ಬೇಕಾಗಲಿಲ್ಲ. ನಮ್ಮ ನಿರೀಕ್ಷೆಯಲ್ಲಿ ಕಾಯೋದೂ ಇದೆ, ಆಸೆಯೂ ಇದೆ. ಕನ್ನಡ ಬೈಬಲ್ಲಿನಲ್ಲೂ ಭರವಸೆ ಅನ್ನೋದಕ್ಕೆ ಬಳಸಿರುವ ಮಾತು ಇದೇ.

ಆ ಹೆಸರು ಅವಳ ಮುತ್ತಜ್ಜಿಯದ್ದು. ಯಾರ ಹಿಡಿತಕ್ಕೂ ಸಿಗದ ಹೆಂಗಸಂತೆ. ಮುತ್ತಜ್ಜ ತಲೆ ಮೇಲೆ ಗೋಣಿಚೀಲ ಮುಚ್ಚಿ ಹೊತ್ತುಕೊಂಡು ಹೋದನಂತೆ. ಆಮೇಲೆ ಜೀವಮಾನವಿಡೀ ಆಕೆ ಕಿಟಕಿಯಲ್ಲಿ ಕೂತು ಹೊರಗೆ ನೋಡಿದಳು. ಹೆಸರು ಬಂದಿದೆ, ಆದರೆ ಕಿಟಕಿ ಬಳಿಯ ಆ ಜಾಗ ನನಗೆ ಬೇಡ ಅನ್ನೋದು ಹುಡುಗಿಯ ಪಣ.

ಇಲ್ಲಿಂದಾಚೆ ಪುಸ್ತಕದ ತುಂಬ ಕಿಟಕಿಗಳು. ಮೊದಲ ಓದಿನಲ್ಲಿ ನಾನು ಇವರನ್ನೆಲ್ಲ ಸೈಡ್ ಕ್ಯಾರೆಕ್ಟರ್ ಅಂತ ದಾಟಿಸಿಬಿಟ್ಟಿದ್ದೆ. ಎದುರು ಮನೆಯ ಮೂರನೇ ಮಹಡಿಯಲ್ಲಿ ಮಾಮಸೀಟಾ. ಗಂಡ ಹಗಲೂ ರಾತ್ರಿ ದುಡಿದು ದುಡ್ಡು ಕೂಡಿಟ್ಟು ಅವಳನ್ನೂ ಮಗುವನ್ನೂ ದೇಶದಿಂದ ಕರೆಸಿಕೊಂಡಿದ್ದಾನೆ. ಅವಳು ಕೆಳಗಿಳಿಯೋದಿಲ್ಲ, ಇಂಗ್ಲಿಷ್ ಕಲಿಯೋದಿಲ್ಲ. ಕಿಟಕಿ ಪಕ್ಕ ಕೂತು ರೇಡಿಯೋದಲ್ಲಿ ಸ್ಪ್ಯಾನಿಶ್ ಹಾಡು ಕೇಳ್ತಾ ಊರಿನ ಗುಲಾಬಿ ಬಣ್ಣದ ಮನೆಗಾಗಿ ನಿಟ್ಟುಸಿರಿಡ್ತಾಳೆ. ಅವಳಿಗೆ ಕೊನೆಯ ಏಟು ಯಾವುದು ಗೊತ್ತಾ? ಆಗಷ್ಟೇ ಮಾತು ಕಲೀತಿರೋ ಮಗು ಟೀವಿಯಲ್ಲಿ ಬರುವ ಪೆಪ್ಸಿ ಜಾಹೀರಾತನ್ನು ಇಂಗ್ಲಿಷಿನಲ್ಲಿ ಹಾಡೋಕೆ ಶುರುಮಾಡುತ್ತೆ. ಅದೇ ತುಣುಕಿನಲ್ಲಿ ಎಸ್ಪೆರಾನ್ಸಾಳ ಅಪ್ಪನ ವಿಷಯ ಬರುತ್ತೆ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಮೂರು ತಿಂಗಳು ಬರೀ ಹ್ಯಾಮ್ ಮತ್ತು ಮೊಟ್ಟೆ ತಿಂದಿದ್ದನಂತೆ. ಅವನಿಗೆ ಗೊತ್ತಿದ್ದ ಇಂಗ್ಲಿಷು ಅದೊಂದೇ. ಷಾಂಬರ್ಗ್‌ನ ಮೊದಲ ವಾರ ನಾನು ಅಂಗಡಿಯವಳು ಕೇಳಿದ್ದಕ್ಕೆಲ್ಲ ಎಸ್ ಅಂದು ಅಂದು ತಿಂದ ಸ್ಯಾಂಡ್‌ವಿಚ್ಚುಗಳ ಕಥೆ ಬೇರೆ.

ಆಮೇಲೆ ರಫೇಲಾ. ಬಹಳ ಚೆಲುವೆ, ಎಲ್ಲಿ ಓಡಿಹೋಗ್ತಾಳೋ ಅಂತ ಗಂಡ ಬೀಗ ಹಾಕಿಕೊಂಡು ಹೋಗ್ತಾನೆ. ಮಂಗಳವಾರ ಅವನು ಡಾಮಿನೋ ಆಡೋಕೆ ಹೋಗುವ ದಿನ. ಅವತ್ತು ಅವಳು ಕಿಟಕಿಯಿಂದ ಒಂದು ಡಾಲರ್ ನೋಟು ಎಸೆದು, ಬೀದೀಲಿ ಆಡುವ ಮಕ್ಕಳಿಗೆ ತೆಂಗಿನಕಾಯಿ ಜ್ಯೂಸೋ ಪರಂಗಿ ಜ್ಯೂಸೋ ತಂದುಕೊಡಿ ಅಂತಾಳೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಕಟ್ಟಿ ಕಾಗದದ ಚೀಲ ಇಳಿಬಿಡ್ತಾಳೆ. ಜ್ಯೂಸು ಮೇಲೆ ಹೋಗುತ್ತೆ.

ತಿಪಟೂರಿನಲ್ಲಿ ಮಲಗಿರೋ ಹೆಂಗಸಿಗೆ ಈ ಕಥೆ ಹೇಳಿದರೆ ಏನಾಗಬೇಕು. ಮೊದಲು ಹತ್ತು ನಿಮಿಷ ಎಳನೀರನ್ನು ಡಬ್ಬದಲ್ಲಿ ಮಾರೋದ್ರ ಬಗ್ಗೆ ನಗು. ಆಮೇಲೆ ಕೇಳಿದಳು, "ಅಲ್ಲ ಕಣೋ, ಚೀಲಕ್ಕೆ ಹಾಕೋರು ಯಾರು?"

"ಮಕ್ಕಳು."

"ಯಾವ ಮಕ್ಕಳು? ಇವಳೂ ಇದಾಳಾ ಅವರಲ್ಲಿ?"

ಪುಸ್ತಕ ತಿರುವಿ ನೋಡಿದೆ. ಇದ್ದಾಳೆ. ಡಾಲರ್ ಎಸೆಯೋದು ಎಸ್ಪೆರಾನ್ಸಾ ಮತ್ತು ಅವಳ ಗೆಳತಿಯರಿಗೇ. ಎರಡು ಸಲ ಓದಿಯೂ ನನ್ನ ಕಣ್ಣು ಪೂರ್ತಿ ಮೇಲಿನ ಕಿಟಕಿಯ ಮೇಲಿತ್ತು, ಪಾಪ ಪಾಪ ಅಂತ. ಕೆಳಗೆ ಬೀದಿಯಲ್ಲಿ ನಿಂತು ಹಗ್ಗ ಹಿಡಿದಿದ್ದವಳನ್ನು ನೋಡಿರಲಿಲ್ಲ. ಈ ಪುಸ್ತಕವನ್ನು ಒಬ್ಬಳು ತಪ್ಪಿಸಿಕೊಂಡ ಕಥೆ ಅಂತ ಓದುವವರು ಬಿಟ್ಟುಬಿಡುವುದು ಇದನ್ನೇ. ಇಲ್ಲಿ ಹೊರಗೆ ಹೋಗುವವಳು ಹೋಗೋಕೆ ಮುಂಚೆ ವರ್ಷಪೂರ್ತಿ ಬೇರೆಯವರಿಗೆ ಓಡಾಡಿಕೊಟ್ಟಿದ್ದಾಳೆ. ಹಾಸಿಗೆ ಹಿಡಿದ ಗ್ವಾದಲೂಪೆ ಅತ್ತೆಗೆ ಪುಸ್ತಕ ಓದಿ ಹೇಳ್ತಾಳೆ, ತನ್ನ ಪದ್ಯ ಕೇಳಿಸ್ತಾಳೆ. ಮಿನರ್ವಾ ಅನ್ನುವ, ಎರಡು ಮಕ್ಕಳ, ಗಂಡ ಬಿಟ್ಟುಹೋಗಿ ಮತ್ತೆ ಮತ್ತೆ ಬರುವ ಹುಡುಗಿಯ ಜತೆ ಪದ್ಯಗಳನ್ನು ಅದಲುಬದಲು ಮಾಡಿಕೊಳ್ತಾಳೆ. ಬೀದಿಯ ಹೆಂಗಸರ ನಡುವೆ ಹಗ್ಗ ಮೇಲೆ ಕೆಳಗೆ ಆಡ್ತಾನೇ ಇರುತ್ತೆ. ಮ್ಯಾಂಗೋ ಸ್ಟ್ರೀಟು ಅಂದರೆ ಬಡತನ, ಹಿಂಸೆ ಅಷ್ಟೇ ಆಗದೆ ಒಂದು ಕೇರಿ ಅನ್ನಿಸುವುದು ಇದರಿಂದ.

ಈಗ ನನ್ನ ತಕರಾರು. ಗಂಡಸರು ಎಲ್ಲಿ? ಕಾರ್ಲೋಸ್, ಕಿಕಿ ಅಂತ ಇಬ್ಬರು ಹೆಸರಿಗೆ ಇದ್ದಾರೆ. ಮನೆಯೊಳಗೆ ಅಕ್ಕತಂಗಿಯರ ಜತೆ ಎಷ್ಟು ಬೇಕಾದರೂ ಮಾತಾಡ್ತಾರೆ, ಹೊರಗೆ ಹೆಣ್ಣುಮಕ್ಕಳ ಜತೆ ಮಾತಾಡೋ ಹಾಗಿಲ್ಲ ಅಂತ ಶುರುವಿನಲ್ಲೇ ಒಂದು ಕಡೆ ಬರುತ್ತೆ. ಅದು ಬಿಟ್ಟರೆ ಅವರ ಸುದ್ದಿ ಇಲ್ಲವೇ ಇಲ್ಲ ಅನ್ನಬಹುದು. ಸಿಸ್ನೆರೋಸ್‌ಗೆ ನಿಜಜೀವನದಲ್ಲಿ ಆರು ಜನ ಅಣ್ಣತಮ್ಮಂದಿರು, ಇವರೊಬ್ಬರೇ ಹೆಣ್ಣು. ಆರನ್ನು ಎರಡಕ್ಕಿಳಿಸಿ ಆ ಎರಡನ್ನೂ ಹೊರಗೆ ಕಳಿಸಿಬಿಟ್ಟಿದ್ದಾರೆ. ಉಳಿದ ಗಂಡಸರಲ್ಲಿ ಬಹಳಷ್ಟು ಜನ ಬೀಗ, ಬೆಲ್ಟು, ಅನುಮಾನ. ಪೂರ್ತಿ ಮನುಷ್ಯನಾಗಿ ಕಾಣೋದು ಅಪ್ಪ ಮಾತ್ರ, ಅದೂ ಬೆಳಗಿನ ಜಾವ ಮಗಳ ಮಂಚದ ಮೇಲೆ ಕೂತು, ಮೆಕ್ಸಿಕೋದಲ್ಲಿ ತನ್ನಪ್ಪ ತೀರಿಹೋದ ಅಂತ ಅಳುವ ಎರಡು ಪ್ಯಾರಾದಲ್ಲಿ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು. ಅಷ್ಟು ಚೆನ್ನಾಗಿ ನೋಡಬಲ್ಲ ಕಣ್ಣು ಬೇರೆ ಗಂಡಸರ ಮೇಲೆ ಯಾಕೆ ನಿಲ್ಲಲಿಲ್ಲ? ರಫೇಲಾಳ ಗಂಡನಿಗೂ ಒಂದು ಹೆದರಿಕೆ ಇರಬೇಕಲ್ಲ?

ಇದನ್ನು ಫೋನಿನಲ್ಲಿ ಭಾಷಣದ ಥರ ಹೇಳಿದೆ. ಅಕ್ಕ ಕೇಳಿಸಿಕೊಂಡು, "ಅವರ ಕಥೆ ಅವರು ಬರ್ಕೋತಾರೆ ಬಿಡು" ಅಂದಳು.

ತಕರಾರು ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ಅದು ಎಲ್ಲಿಂದ ಬಂತು ಅನ್ನೋದು ಆವತ್ತು ಗೊತ್ತಾಯ್ತು. ನಾನು ಎಸ್ಪೆರಾನ್ಸಾ ಅಂದುಕೊಂಡು ಪುಸ್ತಕ ಹಿಡಿದವನು. ನಮ್ಮ ಮನೆಯ ಲೆಕ್ಕದಲ್ಲಿ ನಾನು ಕಿಕಿ. ಅಕ್ಕ ಸೆಕೆಂಡ್ ಪಿಯುಸಿ ಫಸ್ಟ್ ಕ್ಲಾಸಲ್ಲಿ ಪಾಸಾದ ವರ್ಷ ನಂದು ಎಸ್ಸೆಸ್ಸೆಲ್ಸಿ. ಇಬ್ಬರನ್ನೂ ಓದಿಸೋಕಾಗಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೇ ಓದೋಕೆ ಇಷ್ಟ ಇಲ್ಲ ಅಂತ ಮನೇಲೊಂದು ಮಾತು ತಾನಾಗೇ ಓಡಾಡಿತು. ಎರಡು ವರ್ಷಕ್ಕೆ ಮದುವೆ. ನಾಲ್ಕು ವರ್ಷ ನನ್ನ ಇಂಜಿನಿಯರಿಂಗ್.

ಈ 'ಇಷ್ಟ ಇಲ್ಲ'ದ ವಿಷಯಕ್ಕೆ ಪುಸ್ತಕದಲ್ಲೊಂದು ತುಣುಕಿದೆ. ಎಸ್ಪೆರಾನ್ಸಾಳ ಅಮ್ಮ ಓಟ್ಸ್ ಕಲಕುತ್ತಾ ಮಾತಾಡ್ತಾಳೆ. ಎರಡು ಭಾಷೆ ಬಲ್ಲವಳು, ಆಪೆರಾ ಹಾಡಬಲ್ಲವಳು, ಚಿತ್ರ ಬಿಡಿಸೋಳು, ಟೀವಿ ರಿಪೇರಿ ಮಾಡಬಲ್ಲವಳು. ಆದರೆ ಊರೊಳಗೆ ಹೋಗೋಕೆ ಯಾವ ರೈಲು ಹತ್ತಬೇಕು ಅಂತ ಗೊತ್ತಿಲ್ಲ. ಸ್ಕೂಲು ಬಿಟ್ಟಿದ್ದು ಯಾಕೆ ಅಂದರೆ ಒಳ್ಳೇ ಬಟ್ಟೆ ಇರಲಿಲ್ಲ, ನಾಚಿಕೆ ಆಯ್ತು ಅಂತಾಳೆ. ನಾಚಿಕೆ ಕೆಟ್ಟದ್ದು, ಅದು ಮನುಷ್ಯನನ್ನು ಕೆಳಗೆಳೆಯುತ್ತೆ ಅಂತ ಮಗಳಿಗೆ ಬುದ್ಧಿ ಹೇಳ್ತಾಳೆ. ನನಗೆ ಇದು ಬಹಳ ನಿಜವಾದ ಜಾಗ ಅನ್ನಿಸಿತ್ತು. ಅಕ್ಕ ಒಪ್ಪಲಿಲ್ಲ.

"ಬಟ್ಟೆ ಅನ್ನೋದು ಹೇಳೋಕೆ ಸುಲಭ ಕಣೋ. ಬಟ್ಟೆ ಅಂದ್ರೆ ಯಾರ ಮೇಲೂ ತಪ್ಪು ಬರಲ್ಲ."

ಎಂಟು ವಾಕ್ಯದ ವಿಮರ್ಶೆಗಿಂತ ಇದು ದೊಡ್ಡದು. ಸಿಸ್ನೆರೋಸ್ ಆ ತಾಯಿ ಕೊಟ್ಟ ಕಾರಣವನ್ನು ಕೆದಕೋದಿಲ್ಲ. ಹನ್ನೆರಡು ಹದಿಮೂರರ ಮಗಳಿಗೆ ಅಮ್ಮ ಎಷ್ಟು ಹೇಳಬಹುದೋ ಅಷ್ಟೇ ಪುಟದ ಮೇಲೆ ಇದೆ. ಅದರ ಹಿಂದೆ ಇನ್ನೇನೋ ಇದೆ ಅನ್ನೋದು, ಅಂಥದ್ದೇ ಸುಲಭದ ಕಾರಣವನ್ನು ತಾನೂ ಒಂದು ಸಲ ಕೊಟ್ಟ ಓದುಗರಿಗೆ ಮಾತ್ರ ಕೇಳಿಸುತ್ತೆ. ಮಗುವಿನ ದನಿಯಲ್ಲಿ ಬರೆದದ್ದನ್ನು ಮಕ್ಕಳ ಪುಸ್ತಕ ಅಂದುಕೊಳ್ಳುವವರು ಈ ಮೌನಗಳನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ.

ಮೌನ ಅಂದಮೇಲೆ ಒಂದು ತಪ್ಪೊಪ್ಪಿಗೆ. ಪುಸ್ತಕದ ಕೊನೆಯ ಕಾಲುಭಾಗದಲ್ಲಿ ಸ್ಯಾಲಿ ಅನ್ನುವ ಹುಡುಗಿ ಬರ್ತಾಳೆ. ಕಣ್ಣಿಗೆ ಕಾಡಿಗೆ, ಹೊಗೆ ಬಣ್ಣದ ಕಾಲುಚೀಲ, ಹೊಡೆಯುವ ಅಪ್ಪ. ಎಸ್ಪೆರಾನ್ಸಾಗೆ ಅವಳ ಹಾಗೆ ಆಗಬೇಕು ಅಂತ ಆಸೆ. ಒಂದು ಸಲ ಇಬ್ಬರೂ ಜಾತ್ರೆಯಂಥ ಕಾರ್ನಿವಲ್‌ಗೆ ಹೋಗಿರ್ತಾರೆ. ಸ್ಯಾಲಿ ಒಬ್ಬ ಹುಡುಗನ ಜತೆ ಹೋಗ್ತಾಳೆ. ಕಾಯುತ್ತಾ ನಿಂತ ಎಸ್ಪೆರಾನ್ಸಾ ಮೇಲೆ ಗಂಡಸರು ಎರಗ್ತಾರೆ. 'ರೆಡ್ ಕ್ಲೌನ್ಸ್' ಅನ್ನುವ ಆ ತುಣುಕನ್ನು ನಾನು ಹೇಳದೆ ಹಾರಿಸಿಬಿಟ್ಟೆ. ಹಿಂದಿನ ದಿನದ ತೋಟದ ಕಥೆಯಿಂದ ನೇರ ಸ್ಯಾಲಿಯ ಮದುವೆಗೆ ಬಂದೆ.

ಅಕ್ಕ ತಡೆದಳು. "ಮಧ್ಯದಲ್ಲಿ ಏನೋ ಬಿಟ್ಟೆ."

"ಇಲ್ವಲ್ಲ."

"ಬಿಟ್ಟೆ. ನಿನ್ನೆ ಹುಡುಗಿ ಹುಡುಗಿ ಥರ ಇದ್ಲು. ಇವತ್ತು ಬೇರೆ ಥರ ಮಾತಾಡ್ತಿದಾಳೆ."

ಹೇಳಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಫೋನ್ ಕಟ್ ಆಯ್ತೇನೋ ಅಂತ ಎರಡು ಸಲ ಹಲೋ ಅಂದೆ.

ಆ ತುಣುಕಿನಲ್ಲಿ ಏನಾಯಿತು ಅಂತ ಹುಡುಗಿ ಹೇಳೋದಿಲ್ಲ. ಬಾಯಿಯ ನಾತ, ಕೊಳೆ ಉಗುರು, ನಗುತ್ತಿರುವ ಕೆಂಪು ಬೊಂಬೆಗಳು, ಇಷ್ಟೇ ಚೂರುಗಳು. ಉಳಿದದ್ದೆಲ್ಲ ಸ್ಯಾಲಿಯನ್ನು ಕುರಿತ ಕೂಗು. ನೀನು ಹೇಳಿದ್ದು ಸುಳ್ಳು, ಪುಸ್ತಕ ಸಿನಿಮಾ ಎಲ್ಲ ಸುಳ್ಳು ಅಂತ. ಅವಳ ಸಿಟ್ಟು ಗಂಡಸರಿಗಿಂತ ಹೆಚ್ಚು ಸುಳ್ಳು ಹೇಳಿದ ಹೆಂಗಸರ ಮೇಲೆ. ಇದು ಅನ್ಯಾಯ ಅಂತ ನಮಗನ್ನಿಸುತ್ತೆ, ಆದರೆ ಆ ವಯಸ್ಸಿನ ಹುಡುಗಿಗೆ ಸಿಟ್ಟು ಮಾಡೋಕೆ ಸಿಗೋದು ಕೈಗೆಟುಕುವವರು ಮಾತ್ರ. ಲೇಖಕಿ ಅಲ್ಲಿ ಬಂದು ತಿದ್ದೋದಿಲ್ಲ, ಸಮಾಧಾನ ಮಾಡೋದಿಲ್ಲ. ಪುಟ ತಿರುವಿದರೆ ಸ್ಯಾಲಿಗೆ ಎಂಟನೇ ಕ್ಲಾಸು ಮುಗಿಯೋಕೆ ಮುಂಚೆ ಮದುವೆ. ಅದಕ್ಕೆ ಕಾನೂನು ಒಪ್ಪುವ ಬೇರೆ ರಾಜ್ಯಕ್ಕೆ ಹೋಗಿ ಮಾಡಿಕೊಂಡದ್ದು. ಗಂಡ ಫೋನ್ ಮಾಡಗೊಡಲ್ಲ, ಕಿಟಕಿಯಿಂದ ಹೊರಗೆ ನೋಡಗೊಡಲ್ಲ. ಅವಳು ಟೋಸ್ಟರು, ಟವೆಲು, ನೆಲಹಾಸಿನ ಮೇಲಿನ ಗುಲಾಬಿ ಹೂಗಳನ್ನು ನೋಡ್ತಾ ಕೂತಿರ್ತಾಳೆ. ಮುತ್ತಜ್ಜಿಗೆ ಇದ್ದ ಕಿಟಕಿಯೂ ಇವಳಿಗಿಲ್ಲ. ಒಂದೂವರೆ ಪುಟದಲ್ಲಿ ಇಷ್ಟನ್ನು ಮಾಡಿ, ದನಿ ಏರಿಸದೆ ಎದ್ದುಹೋಗೋದು ಸಣ್ಣ ವಿಷಯ ಅಲ್ಲ.

ಈ ದಾರಿಯಲ್ಲಿ ಆಮೇಲೆ ಬಂದ ಪುಸ್ತಕಗಳಲ್ಲಿ ಎರಡನ್ನು ಓದಿದೀನಿ. ಎರಿಕಾ ಸಾಂಚೆಸ್‌ರ 'ಐ ಆಮ್ ನಾಟ್ ಯುವರ್ ಪರ್ಫೆಕ್ಟ್ ಮೆಕ್ಸಿಕನ್ ಡಾಟರ್' (2017) ಅದೇ ಶಿಕಾಗೋದ್ದು. ಅಲ್ಲಿಯ ಹುಲಿಯಾ ಬಾಯಿಬಡುಕಿ, ಸಿಟ್ಟಿನ ಹುಡುಗಿ. ಅದರಲ್ಲಿ ಅಮ್ಮನ ಮೌನವನ್ನು ಒಡೆದು ಒಳಗಿದ್ದದ್ದನ್ನು ತೋರಿಸ್ತಾರೆ. ಎಲಿಜಬೆತ್ ಅಸೆವೆದೋರ 'ದಿ ಪೊಯೆಟ್ ಎಕ್ಸ್' (2018) ನ್ಯೂಯಾರ್ಕಿನ ಹಾರ್ಲೆಮ್ಮಿನ ಡೊಮಿನಿಕನ್ ಹುಡುಗಿಯದ್ದು, ಪೂರ್ತಿ ಪದ್ಯದಲ್ಲಿ. ಎರಡೂ ಒಳ್ಳೆಯವು, ಎರಡರಲ್ಲೂ ಹುಡುಗಿಯರು ತಿರುಗಿ ಬೈತಾರೆ, ಓದೋಕೆ ಖುಷಿ. ಆದರೆ ಎಲ್ಲವನ್ನೂ ಹೇಳಿ ಮುಗಿಸ್ತಾರೆ. ಫೋನಿನಲ್ಲಿ ಅಕ್ಕ ಹಿಡಿದು ಕೇಳೋಕೆ ಸಂದು ಕಮ್ಮಿ.

ಮ್ಯಾಂಗೋ ಸ್ಟ್ರೀಟಿನ ಕೊನೆ ಬಗ್ಗೆ ನನಗೆ ಇನ್ನೂ ಜಗಳ ಇದೆ. ಸಾವಿನ ಮನೆಯೊಂದರಲ್ಲಿ ಮೂವರು ಮುದುಕಿಯರು ಎಸ್ಪೆರಾನ್ಸಾಳ ಕೈ ನೋಡಿ, ನೀನು ಹೋಗ್ತೀಯ, ಆದರೆ ಹೋಗಲಾಗದವರಿಗಾಗಿ ವಾಪಸ್ಸು ಬರಬೇಕು ಅಂತಾರೆ. ಮೆಟ್ಟಿಲ ಮೇಲೆ ಕೂತು ಅಲಿಸಿಯಾ ಇನ್ನೊಂದು ಥರ ಹೇಳ್ತಾಳೆ. ಅಮ್ಮ ಸತ್ತು, ಬೆಳಗಾಗೆದ್ದು ರೊಟ್ಟಿ ತಟ್ಟಿ, ಎರಡು ರೈಲು ಒಂದು ಬಸ್ಸು ಹಿಡಿದು ಯೂನಿವರ್ಸಿಟಿಗೆ ಹೋಗುವವಳು ಅಲಿಸಿಯಾ. ಈ ಬೀದಿ ಚೆನ್ನಾಗಾಗೋವರೆಗೂ ನಾನು ಬರಲ್ಲ ಅಂತ ಎಸ್ಪೆರಾನ್ಸಾ ಅಂದರೆ, ಚೆನ್ನಾಗಿ ಮಾಡೋರು ಯಾರು, ಮೇಯರ್ರಾ ಅಂತ ಕೇಳ್ತಾಳೆ. ಮೇಯರ್ ಮ್ಯಾಂಗೋ ಸ್ಟ್ರೀಟಿಗೆ ಬರೋದನ್ನು ನೆನೆಸಿಕೊಂಡು ಎಸ್ಪೆರಾನ್ಸಾಗೆ ನಗು.

ಹುಡುಗಿ ಪುಸ್ತಕ ಕಾಗದ ಕಟ್ಟಿಕೊಂಡು ಹೊರಡುತ್ತಾಳೆ, ಬರೆಯುವುದರ ಮೂಲಕ ಮರಳುತ್ತಾಳೆ ಅನ್ನೋದು ಮುಕ್ತಾಯ. ಬರೆಯೋದು ಮರಳಿದಂತೆಯಾ? ಸಿಸ್ನೆರೋಸ್ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಮನೆ ಮಾಡಿದರು. 1997ರಲ್ಲಿ ಅದಕ್ಕೆ ನೇರಳೆ ಬಣ್ಣ ಬಳಿಸಿ, ಪಾರಂಪರಿಕ ಬಡಾವಣೆಗೆ ಈ ಬಣ್ಣ ಹೊಂದಲ್ಲ ಅಂತ ಊರಿನ ಸಮಿತಿಯವರು ತಕರಾರು ತೆಗೆದು ದೊಡ್ಡ ಸುದ್ದಿಯಾಯ್ತು. ಮೆಕ್ಸಿಕನ್ನರ ಇತಿಹಾಸದಲ್ಲಿ ಆ ಬಣ್ಣಕ್ಕೆ ಜಾಗ ಇದೆ, ನಿಮ್ಮ ದಾಖಲೆಯಲ್ಲಿ ಇಲ್ಲ ಅಷ್ಟೇ ಅಂತ ಅವರ ವಾದ. ಆಮೇಲೆ ಮೆಕ್ಸಿಕೋಗೇ ಹೋಗಿ ನೆಲೆಸಿದರು. ಶಿಕಾಗೋದ ಕೇರಿಗೆ ವಾಪಸ್ಸು ಹೋಗಲಿಲ್ಲ. ಹೋಗಬೇಕಿತ್ತು ಅಂತ ಹೇಳೋಕೆ ನಾನ್ಯಾರು, ಅರಸೀಕೆರೆಯಿಂದ ಬಂದು ಕೆಂಗೇರಿಯಲ್ಲಿ ಫ್ಲಾಟ್ ತಗೊಂಡವನು.

ಆ ಕೇರಿಯನ್ನು ನಾನು ನೋಡಿದ್ದೆ. ಸಿಸ್ನೆರೋಸ್ ಅಪ್ಪ ಅಮ್ಮ 1966ರಲ್ಲಿ ಮನೆ ಕೊಂಡ ಹಂಬೋಲ್ಟ್ ಪಾರ್ಕ್. ಅದೇ ವರ್ಷ ಜೂನಿನಲ್ಲಿ ಅಲ್ಲಿಯ ಡಿವಿಷನ್ ಸ್ಟ್ರೀಟಿನಲ್ಲಿ ಪೊಲೀಸರು ಪೋರ್ಟೊರಿಕನ್ ಯುವಕನೊಬ್ಬನಿಗೆ ಗುಂಡು ಹೊಡೆದು ದೊಡ್ಡ ಗಲಭೆಯಾಗಿತ್ತು. ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ. ಗಲಭೆಗಿಂತ ಕಿಟಕಿಗಳು ಮುಖ್ಯ ಅನ್ನುವುದು ಲೇಖಕಿಯ ಆಯ್ಕೆ. 2018ರಲ್ಲಿ ನಾನು ಅಲ್ಲಿ ನಡೆದದ್ದು ಹಳೇ ರೈಲುಹಳಿಯನ್ನು ತೆಗೆದು ಮಾಡಿದ '606' ಅನ್ನುವ ಎತ್ತರದ ಕಾಲುದಾರಿಯ ಮೇಲೆ. 2015ರಲ್ಲಿ ತೆರೆದದ್ದು, ಚೆಂದ ಇದೆ, ಎರಡೂ ಕಡೆ ಹೂಗಿಡ. ಅದು ಬಂದಮೇಲೆ ಸುತ್ತಲಿನ ಬಾಡಿಗೆ ಏರಿ ಹಳಬರು ಮನೆ ಖಾಲಿ ಮಾಡ್ತಿದ್ದಾರೆ. ಬಂದು ಸೇರುವವರು ನನ್ನಂಥ ಲ್ಯಾಪ್‌ಟಾಪಿನವರು. ಪುಸ್ತಕದಲ್ಲಿ ಬೆಕ್ಕುಗಳ ಕ್ಯಾಥಿ ಅಂತ ಒಬ್ಬಳಿದ್ದಾಳೆ, ಬೀದಿ ಕೆಟ್ಟುಹೋಗ್ತಿದೆ ಅಂತ ಅವಳ ಮನೆಯವರು ಜಾಗ ಬಿಟ್ಟು ಹೋಗ್ತಿರ್ತಾರೆ. ಕೆಡಿಸ್ತಿರೋರು ಅಂದರೆ ಎಸ್ಪೆರಾನ್ಸಾಳಂಥವರು. ಈಗ ತಿರುಗುಮುರುಗು. ಎಸ್ಪೆರಾನ್ಸಾ ಇವತ್ತು ಮರಳಿದರೂ ಮುಂಗಡ ಕೊಡೋಕೆ ದುಡ್ಡಿರಬೇಕು.

ಕೊನೆಯಿಂದ ಎರಡನೇ ತುಣುಕು ಹತ್ತು ಸಾಲಿನದು. ತನ್ನದೇ ಮನೆ ಹೇಗಿರಬೇಕು ಅನ್ನುವ ಪಟ್ಟಿ. ಗಂಡಸಿನದ್ದಲ್ಲ, ಅಪ್ಪನದ್ದಲ್ಲ, ಪೂರ್ತಿ ತನ್ನದು. ಕಾಗದದಷ್ಟು ಖಾಲಿ. ಇದನ್ನು ಹೇಳಿದ ರಾತ್ರಿ ಅಕ್ಕ ಎದ್ದು ಓಡಾಡೋಕೆ ಶುರು ಮಾಡಿದ್ದಳು. ಪೂರ್ತಿ ಕೇಳಿ, "ಚೆನ್ನಾಗಿದೆ" ಅಂದಳು. ಆಮೇಲೆ ಊರಿನ ಮನೆ ಹೆಂಚು ಈ ಮಳೆಗೆ ಸೋರಿತಾ, ಯಾರಾದ್ರೂ ನೋಡಿಕೊಂಡು ಬಂದ್ರಾ ಅಂತ ವಿಚಾರಿಸಿದಳು.

ಅಪ್ಪ ಹೋದ ಮರುವರ್ಷ, 2014ರಲ್ಲಿ, ಆ ಮನೆ ಮತ್ತು ತೆಂಗಿನ ತೋಟದ ಮೇಲೆ ತನಗಿದ್ದ ಪಾಲನ್ನು ಅಕ್ಕ ನನಗೆ ಬಿಟ್ಟುಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಳು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನು 2005ರಲ್ಲೇ ಬಂದಿತ್ತು, ಅದಕ್ಕೇ ಸಹಿ ಬೇಕಾಗಿದ್ದು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಎಲ್ಲರೂ ಮಸಾಲೆ ದೋಸೆ ತಿಂದೆವು. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, ಸ್ವಲ್ಪ ದುಡ್ಡು. ಅವಳೇ ಖುಷಿಯಿಂದ ಬಿಟ್ಟುಕೊಟ್ಟಳು ಅಂತ ಮನೇಲಿ ಮಾತು.

"ಅಕ್ಕ, ಆ ಬಿಡುಗಡೆ ಪತ್ರದ ಜೆರಾಕ್ಸ್ ನಿನ್ನ ಹತ್ರ ಇದ್ಯಾ?"

"ಯಾಕೋ ಈಗ?"

"ಲಾಯರಿಗೆ ತ‌ೋರಿಸ್ಬೇಕಿತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೀರು ತೆಗೆದ ಸದ್ದು ಕೇಳಿಸಿತು. "ನಾಳೆ ಬೆಳಕಲ್ಲಿ ಹುಡುಕ್ತೀನಿ. ಇನ್ನೂ ಒಂದು ಪಾಠ ಉಳಿದಿದೆಯಲ್ಲ, ಅದು ಹೇಳು" ಅಂದಳು.